ಲೈಟಿನವನ ಕಿವಿ

ಭಾನುವಾರ, ಮಾರ್ಚ್ 10

ಮದುವೆಯಾಗಿ ಒಂದು ವಾರ! ಈ ಸಾಲು ಬರೆದು ಮುಗಿಸುವಷ್ಟರಲ್ಲಿ ಎರಡು ಸಲ ನಕ್ಕುಬಿಟ್ಟೆ. ಅಡುಗೆಮನೆಗೂ ಕೇಳಿಸಿರಬೇಕು. “ಒಬ್ಳೇ ನಗ್ತಿದೀಯೋ, ಅವನೂ ಇದಾನೋ?” ಎಂದು ಅತ್ತೆ ಅಲ್ಲಿಂದಲೇ ಕೂಗಿದರು. ಇಂಥ ಅತ್ತೆ ಯಾರಿಗೆ ಸಿಗುತ್ತಾರೆ!

ಇವರನ್ನು ಏನೆಂದು ಕರೆಯುವುದು ಎಂಬ ಮಹಾಪ್ರಶ್ನೆಯೂ ಇಂದು ಬಗೆಹರಿಯಿತು. ಹೆಸರು ಹಿಡಿದರೆ ಮಾವನೆದುರು ನಾಚಿಕೆ, ‘ರೀ’ ಎಂದರೆ ನನಗೇ ನಗು. ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡಿ ಬಂದು ಮನೆಯಲ್ಲೂ ಪಾಠ ಮುಂದುವರಿಸುವವರು, ಆದ್ದರಿಂದ ‘ಮೇಷ್ಟ್ರು’. ಬಿರುದು ಕೊಟ್ಟ ಕೂಡಲೇ ಮೇಷ್ಟ್ರ ಕಿವಿಯವರೆಗೂ ಕೆಂಪು. ಸೋ ಸ್ವೀಟ್!

ಊಟದ ಮೇಜಿನ ಜಗಳ ಈ ಮನೆಯ ಧಾರಾವಾಹಿ. ಮಾವ ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್, ಮಗ ಪುಸ್ತಕ ಬರೆಯುತ್ತಿರುವುದು ನಗರಗಳಲ್ಲಿ ಅಪರಾಧ ಯಾಕೆ ಹೆಚ್ಚುತ್ತದೆ ಎಂಬುದರ ಮೇಲೆ! ದೇವರಿಗೆ ಎಷ್ಟು ತಮಾಷೆ ನೋಡಿ.

“ಒಬ್ಬ ಕಳ್ಳನ ಹಿಂದೆ ಹತ್ತು ಕಾರಣ ಇರತ್ತಪ್ಪ,” ಎನ್ನುತ್ತಾರೆ ಮೇಷ್ಟ್ರು.

“ಇರ್ಲಿ ಬಿಡು. ಕಾರಣಕ್ಕೆ ಕೋಳ ತೊಡಿಸೋಕಾಗಲ್ಲ, ಅದಕ್ಕೇ ಕಳ್ಳನಿಗೆ ತೊಡಿಸ್ತೀವಿ.”

“ಅಪ್ಪ ಹಿಡೀತಾರೆ, ಮಗ ಬಿಡಿಸ್ತಾನೆ. ಮಧ್ಯೆ ನನ್ನ ಸಾರು ಆರತ್ತೆ,” ಎಂದು ಅತ್ತೆ.

ನಾನು ಮೇಷ್ಟ್ರ ಪಕ್ಷ. ಒಂಬತ್ತನೇ ಕ್ಲಾಸಿನಲ್ಲಿ ‘ಬಡತನವೇ ಅಪರಾಧದ ತಾಯಿ’ ಎಂದು ಇಂಗ್ಲಿಷಿನಲ್ಲಿ ವಾದಿಸಿ ಕಪ್ ಗೆದ್ದವಳು ನಾನು! ಹೇಳಿದೆ. ಮಾವ ಮೀಸೆಯಲ್ಲೇ ನಕ್ಕು, “ಆಹಾ, ಮನೇಲಿ ಇನ್ನೊಬ್ಬ ಲಾಯರಮ್ಮ,” ಎಂದರು. ಮೊದಲ ದಿನ ಆ ಮೀಸೆಗೆ ಎಷ್ಟು ಹೆದರಿದ್ದೆ!

ಸ್ಟುಡಿಯೊದವರು ಮದುವೆಯ ವಿಡಿಯೊ ಕಳಿಸಿದ್ದಾರೆ. ಇನ್ನೂ ಕತ್ತರಿಸಿಲ್ಲ, ಹಾಡು ಸೇರಿಸಿಲ್ಲ. ನೋಡಿ, ಬೇಡದ್ದು ಹೇಳಿದರೆ ತೆಗೆಯುತ್ತಾರಂತೆ. ನನಗೆ ಎಲ್ಲವೂ ಬೇಕು! ಅತ್ತೆ ತಮ್ಮ ಕೊರಳಿನ ಸರ ತೆಗೆದು ನನಗೆ ಹಾಕಿದ್ದಂತೂ ಬೇಕೇ ಬೇಕು. ಅದು ಅವರ ಅಮ್ಮ ಅವರಿಗೆ ಹಾಕಿದ್ದು. ಈಗ ಬರೆಯುವಾಗಲೂ ಎಡಗೈ ಸರದ ಮೇಲೇ ಇದೆ.

ಮರೆಯುವ ಮೊದಲು ಒಂದು ಜೋಕ್. ಮದುವೆಯ ದಿನ ವಿಡಿಯೊದವರ ಬೆಳಕಿಗೆ ಕಣ್ಣುರಿದು ನೀರು ಸುರಿಯುತ್ತಿತ್ತು. ಲೈಟ್ ಹಿಡಿದವನು ಮೆಲ್ಲಗೆ, “ಮೇಡಂ, ಲೈಟ್ ನೋಡ್ಬೇಡಿ, ನನ್ನ ಕಿವಿ ನೋಡ್ತಾ ಇರಿ. ಕಣ್ಣು ಉರಿಯಲ್ಲ, ವಿಡಿಯೊದಲ್ಲೂ ನೇರ ನೋಡ್ದಂಗೆ ಬರತ್ತೆ,” ಎಂದ. ಕಸುಬಿನ ಗುಟ್ಟು! ಹೀಗಾಗಿ ನನ್ನ ಮದುವೆಯಲ್ಲಿ ನಾನು ಗಂಡನ ಮುಖಕ್ಕಿಂತ ಹೆಚ್ಚು ನೋಡಿದ್ದು ಒಬ್ಬ ಅಪರಿಚಿತನ ಎಡಗಿವಿಯನ್ನು! ಗುರುತಿಗೆಂದು ಪುಟದ ಮೂಲೆ ಮಡಿಚುತ್ತೇವಲ್ಲ, ಹಾಗೆ ಮೇಲ್ತುದಿ ಮಡಿಚಿಕೊಂಡ ಕಿವಿ. ಮೇಷ್ಟ್ರಿಗೆ ಹೇಳಿದರೆ, “ಇನ್ಮುಂದೆ ನನ್ನ ಕಿವಿ ನೋಡು,” ಎಂದು ಹತ್ತಿರ ತಂದರು. ಮುಂದಿನದನ್ನು ಬರೆಯುವುದಿಲ್ಲ!

ಶುಕ್ರವಾರ, ಮಾರ್ಚ್ 22

ಎದುರು ಸೈಟಿನಲ್ಲಿ ಕಟ್ಟಡ ಏಳುತ್ತಿದೆ. ಕೆಲಸದವರು ಕುಡಿಯಲು ನೀರು ಕೇಳಿದರು. ನಾನು ಟೀಯನ್ನೇ ಮಾಡಿ ಕೊಟ್ಟೆ. ಗಾರೆ ಕಲಸುವ ಹೆಂಗಸು ಲೋಟ ತೊಳೆದು ತಂದುಕೊಟ್ಟು, “ನಿಮ್ಮ ಸರ ಚೆನ್ನಾಗಿದೆ ಅಕ್ಕಾ,” ಎಂದಳು. ಅಕ್ಕಾ! ಅವಳಿಗೆ ನನ್ನಮ್ಮನ ವಯಸ್ಸು. ಕೈಗೆ ಕೊಟ್ಟು ತೋರಿಸಿದೆ.

ಬೀದಿ, ಮನೆ, ಮಾವ ಪೇಪರ್ ಓದುವ ಕುರ್ಚಿ, ಬಾತ್‌ರೂಮಿನ ಸೋರುವ ನಲ್ಲಿ, ಎಲ್ಲವೂ ಇಷ್ಟ! ಮುಂಬಾಗಿಲನ್ನು ಸಂಜೆಯವರೆಗೂ ತೆರೆದೇ ಇಡುತ್ತೇನೆ.

ಗುರುವಾರ, ಏಪ್ರಿಲ್ 4

ಸರ ಹೋಯಿತು.

ಶನಿವಾರ, ಏಪ್ರಿಲ್ 6

ಇಂದು ಬರೆಯಬಲ್ಲೆ.

ಮೊನ್ನೆ ಬೆಳಗ್ಗೆ ಹಾಲು ತೆಗೆದುಕೊಂಡು ಬರುತ್ತಿದ್ದೆ. ನಮ್ಮದೇ ಬೀದಿ, ಒಳ್ಳೆಯ ಬೆಳಕು. ಬೈಕೊಂದು ನಿಧಾನವಾಯಿತು, ಹಿಂದೆ ಕುಳಿತವನು ಯಾರದೋ ಮನೆ ಕೇಳುತ್ತಾನೆ ಎಂದುಕೊಂಡು ಸಹಾಯ ಮಾಡಲೆಂದು ನಾನೇ ಎರಡು ಹೆಜ್ಜೆ ಮುಂದೆ ಹೋದೆ. ನಾನೇ! ಕತ್ತು ಹಿಂದಕ್ಕೆ ಜಗ್ಗಿದಂತಾಯಿತು. ಎದ್ದಾಗ ಮೈಮೇಲೆಲ್ಲ ಹಾಲು. ಕತ್ತಿನಲ್ಲಿ ಈಗಲೂ ಕೆಂಪು ಗೆರೆ ಇದೆ.

ಠಾಣೆಯ ಇನ್ಸ್‌ಪೆಕ್ಟರ್ ಮಾವನ ಕೈಕೆಳಗೆ ಕೆಲಸ ಕಲಿತವರು. ಎದ್ದು ನಿಂತು ಮಾವನಿಗೆ ಕುರ್ಚಿ ಕೊಟ್ಟರು. ನನ್ನನ್ನು ಒಳ್ಳೆಯ ಮಾತಿನಲ್ಲೇ ಕೇಳಿದರು.

“ಮುಖ ನೋಡಿದ್ರಾಮ್ಮ?”

“ಇಲ್ಲ.”

“ಬಟ್ಟೆ? ಟೋಪಿ? ಏನಾದ್ರೂ?”

“ಟೋಪಿ ಇತ್ತು ಅನ್ಸತ್ತೆ. ಇಲ್ಲ… ಗೊತ್ತಿಲ್ಲ.”

ಮಾವ ನನ್ನ ತಲೆ ಸವರಿ, “ಗೊತ್ತಿಲ್ಲ ಅನ್ನೋದೂ ಒಂದು ಹೇಳಿಕೆನೇ ಮಗಳೇ. ಬರ್ಕೊಳಪ್ಪ,” ಎಂದರು.

ಅತ್ತೆ, “ನೀನು ನೆಟ್ಟಗಿದೀಯಲ್ಲ, ಅಷ್ಟು ಸಾಕು,” ಎಂದರು. ಅದೇ ಕಷ್ಟ. ಅಡುಗೆಮನೆಯಿಂದ ಕೂಗುವುದು ನಿಂತಿದೆ. ಮಧ್ಯಾಹ್ನ ನೋಡಿದರೆ ತಮ್ಮ ಬರಿಗೊರಳನ್ನು ತಾವೇ ಮುಟ್ಟಿಕೊಳ್ಳುತ್ತ ಕಿಟಕಿಯ ಬಳಿ ನಿಂತಿದ್ದರು.

ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ, ಏಪ್ರಿಲ್ 14

ಮೇಷ್ಟ್ರ ಗೆಳೆಯರು ಬಂದಿದ್ದರು, ನನಗೆ ಸಮಾಧಾನ ಹೇಳಲು. ಹೇಳಿದ್ದು ನಗರದ ಬಗ್ಗೆ. ನಿರುದ್ಯೋಗ ಎಂದರು ಒಬ್ಬರು. ಅಮಲು ಪದಾರ್ಥ ಎಂದರು ಇನ್ನೊಬ್ಬರು. ಪೊಲೀಸರು ಬಡವರ ಬೀದಿಯಲ್ಲಿ ಮಾತ್ರ ಗಸ್ತು ತಿರುಗುತ್ತಾರೆ ಎಂದಾಗ ಮಾವ, “ನಿಮ್ಮ ಬೀದೀಲಿ ತಿರುಗಿದ್ರೆ ನಿಮ್ಮ ನಾಯಿ ಬೊಗಳತ್ತೆ ಅಂತ ದೂರು ಕೊಡ್ತೀರಲ್ಲ ಸ್ವಾಮಿ,” ಎಂದರು. ಎಲ್ಲರೂ ನಕ್ಕರು. ಮೇಷ್ಟ್ರು ಉತ್ಸಾಹದಿಂದ ಕೈ ಬೀಸಿ ಮಾತಾಡಿದರು. ನನಗೆ ಆದದ್ದು ಅವರ ಪುಸ್ತಕದ ಮೂರನೇ ಅಧ್ಯಾಯಕ್ಕೆ ಸರಿಯಾಗಿ ಹೊಂದುತ್ತದಂತೆ.

ಮತ್ತೆ ಮತ್ತೆ ಟೀ ಕೊಟ್ಟೆ. ಕತ್ತಿನ ಗೆರೆ ಮಾಯುತ್ತಿದೆಯೇ ಎಂದು ಯಾರೂ ಕೇಳಲಿಲ್ಲ.

ಎದುರಿನ ಕೆಲಸದವರಿಗೆ ಈಗ ಟೀ ಕೊಡುವುದಿಲ್ಲ. ನೀರಿನ ಪಾತ್ರೆಯನ್ನು ಗೇಟಿನ ಹೊರಗೆ ಇಡುತ್ತೇನೆ. ಆ ಹೆಂಗಸು ಸರವನ್ನು ಕೈಯಲ್ಲಿ ಹಿಡಿದು ಯಾಕಷ್ಟು ಹೊತ್ತು ನೋಡಿದಳು?

ಮಂಗಳವಾರ, ಮೇ 7

ಒಬ್ಬನನ್ನು ಹಿಡಿದಿದ್ದಾರೆ! ಇನ್ಸ್‌ಪೆಕ್ಟರೇ ಫೋನ್ ಮಾಡಿದರು. ಹಾಲಿನಂಗಡಿಯವರು ಕಂಡಂಥದೇ ಬೈಕು, ನಮ್ಮ ಬೀದಿಯ ಆಸುಪಾಸಿನಲ್ಲೇ ಆಗಾಗ ಕಂಡವನು, ಹಿಂದೆ ಬ್ಯಾಟರಿ ಕದ್ದು ಸಿಕ್ಕಿಬಿದ್ದವನು. ಗುರುವಾರ ನಾನು ಹೋಗಿ ಗುರುತಿಸಬೇಕು.

ಅತ್ತೆ ಇಂದು ನನಗೆ ತಾವೇ ತಲೆ ಬಾಚಿದರು. “ಸರಿಯಾಗಿ ನೋಡು. ನಮ್ಮಮ್ಮಂದು ಅದು,” ಎಂದರು. ಅಷ್ಟೇ. ಬಾಚಣಿಗೆ ಎಷ್ಟು ಮೃದುವಾಗಿ ಆಡಿತು!

ಗುರುವಾರ, ಮೇ 9

ಗುರುತಿಸಿದೆ! ಗುರುತಿಸಿದೆ! ಗುರುತಿಸಿದೆ!

ಉದ್ದನೆಯ ಕೋಣೆ. ಸಾಲಾಗಿ ಎಂಟೋ ಒಂಬತ್ತೋ ಜನ, ಹೆಚ್ಚುಕಡಿಮೆ ಒಂದೇ ಎತ್ತರ. ಪೊಲೀಸರು ಯಾರೂ ಒಳಗಿರಲಿಲ್ಲ. ಮ್ಯಾಜಿಸ್ಟ್ರೇಟ್ ಮೇಡಂ ಮಾತ್ರ. “ಅವಸರ ಇಲ್ಲ. ಗೊತ್ತಾದ್ರೆ ಮುಟ್ಟಿ, ಗೊತ್ತಾಗ್ಲಿಲ್ಲ ಅಂದ್ರೆ ಹಾಗೇ ಬನ್ನಿ,” ಎಂದರು. ಎಷ್ಟು ನ್ಯಾಯವಾಗಿ ನಡೆಸಿದರು!

ಮುಖಗಳೆಲ್ಲ ಒಂದೇ ಥರ ಕಂಡವು. ಬರಿಗೈಯಲ್ಲಿ ಮನೆಗೆ ಹೋಗಿ ಅತ್ತೆಯ ಎದುರು ನಿಲ್ಲುವುದು ಹೇಗೆ ಎಂದು ಯೋಚಿಸುತ್ತ ಸಾಲಿನ ಕೊನೆಗೆ ಬಂದಾಗ, ಆ ಕಿವಿ. ಎಡಗಿವಿ. ಮೇಲ್ತುದಿ ಮಡಿಚಿಕೊಂಡದ್ದು. ಈ ಕಿವಿ ನನಗೆ ಗೊತ್ತು! ಎಷ್ಟು ಹತ್ತಿರದಿಂದ ನೋಡಿದ್ದೇನೆ ಎಂದರೆ ಕಣ್ಣು ಮುಚ್ಚಿ ಚಿತ್ರ ಬರೆಯಬಲ್ಲೆ. ನೆನಪು ಎಂಥ ವಿಚಿತ್ರ! ಮುಖ ನೋಡಿಲ್ಲ ಎಂದಿದ್ದೆ. ಒಳಗೆಲ್ಲೋ ಅಚ್ಚಾಗಿ ಕುಳಿತಿತ್ತು.

ಅವನಿಗೂ ನನ್ನ ಗುರುತು ಸಿಕ್ಕಿತು. ನೋಡಿದ ತಕ್ಷಣ ಅವನ ಮುಖ ಅರಳಿತು, ನೆಂಟರು ಸಿಕ್ಕ ಹಾಗೆ. “ಮೇಡಂ…” ಎಂದು ಬಾಯಿ ತೆರೆದ. ಎಂಥ ಧೈರ್ಯ! ಮಾತಾಡಬಾರದು ಎಂದು ಮ್ಯಾಜಿಸ್ಟ್ರೇಟ್ ಗದರಿದರು. ನಾನು ಭುಜ ಮುಟ್ಟಿದೆ. ಅವನು ನಗುತ್ತಲೇ ಇದ್ದ. ಆಮೇಲೆ ನಗು ನಿಂತಿತು.

ಮನೆಗೆ ಬಂದು, ಮಡಿಚಿದ ಕಿವಿಯಿಂದಲೇ ಗುರುತು ಹಿಡಿದೆ ಎಂದು ಎಲ್ಲರಿಗೂ ಹೇಳಿದಾಗ ಅತ್ತೆ ತಬ್ಬಿಕೊಂಡರು. ಸಂಜೆ ಅಡುಗೆಮನೆಯಿಂದ, “ಒಬ್ಳೇ ಏನ್ ಮಾಡ್ತಿದೀಯೇ ಅಲ್ಲಿ?” ಎಂದು ಕೂಗಿದರು. ಓಡಿಹೋದೆ!

ಭಾನುವಾರ, ಜೂನ್ 16

ಚಿಕ್ಕತ್ತೆ ಬಂದಿದ್ದರು. ಮದುವೆಗೆ ಬರಲಾಗಿರಲಿಲ್ಲವೆಂದು ವಿಡಿಯೊ ಹಾಕಿದೆವು. ಅತ್ತೆ ನನಗೆ ಸರ ಹಾಕುವ ಭಾಗ ಬಂತು. ನಾನು ಅಲಂಕಾರದ ಕೋಣೆಯ ಸ್ಟೂಲಿನ ಮೇಲೆ, ಹಿಂದೆ ನಿಲುವುಗನ್ನಡಿ. ಅತ್ತೆಯ ಕಣ್ಣಲ್ಲಿ ನೀರು, ಚಿಕ್ಕತ್ತೆಯ ಕಣ್ಣಲ್ಲೂ.

ಮಾವ ರಿಮೋಟ್ ತೆಗೆದುಕೊಂಡು ನಿಲ್ಲಿಸಿದರು. ಹಿಂದಕ್ಕೆ ಹೋದರು. ಮತ್ತೆ ನಿಲ್ಲಿಸಿದರು. ಎದ್ದು ಹತ್ತಿರ ಹೋಗಿ ಕನ್ನಡಿಯ ಮೇಲೆ ಬೆರಳಿಟ್ಟರು. ಕನ್ನಡಿಯೊಳಗೆ ಲೈಟ್ ಎತ್ತಿ ಹಿಡಿದು ನಿಂತವನೊಬ್ಬ, ಮುಖ ಓರೆ.

“ಮಗಳೇ, ಇಲ್ಲಿ ಬಾ. ಈ ಕಿವಿ ನೋಡು.”

ನೋಡಿದೆ.

“ಆ ದಿನ ನೀನು ಮುಟ್ಟಿದ್ದು ಇವನನ್ನೇನಾ?”

ಚಿಕ್ಕತ್ತೆ, “ಯಾರದು, ಯಾರದು?” ಎಂದು ಕೇಳುತ್ತಿದ್ದರು. ನಾನು ಟೀ ಇಡಲು ಒಳಗೆ ಹೋದೆ.

ಸೋಮವಾರ, ಜೂನ್ 17

ಬೆಳಗ್ಗೆ ಮಾವ ನನ್ನನ್ನು ಎದುರು ಕೂರಿಸಿಕೊಂಡರು. ದನಿ ಏರಿಸಲಿಲ್ಲ.

“ಬೀದೀಲಿ ನೋಡಿದ ಮುಖ ಯಾವುದು, ಮದುವೇಲಿ ನೋಡಿದ ಮುಖ ಯಾವುದು, ಮನಸ್ಸು ಗಂಟು ಹಾಕ್ಕೊಂಡುಬಿಡತ್ತೆ. ಎಷ್ಟು ಸಲ ನೋಡಿದೀನಿ. ನಿನ್ನ ತಪ್ಪಲ್ಲ ಇದು. ಹೋಗಿ ಹೇಳ್ಬಿಡು.”

“ನೀವೇ ಹೇಳಿ ಮಾವ.”

“ನಾನು ಹೇಳಿದ್ರೆ ಮುದುಕನ ಅನುಮಾನ. ನೀನು ಹೇಳಿದ್ರೆ ಸಾಕ್ಷಿ. ಅವನ ಮೇಲಿರೋದು ನಿನ್ನ ಬೆರಳೊಂದೇ ಮಗಳೇ, ಬೇರೇನೂ ಸಿಕ್ಕಿಲ್ಲ.”

ಮೇಷ್ಟ್ರು ಪೇಪರ್ ಮಡಿಚಿಟ್ಟರು. “ಇವಳು ಆಗಲೇ ಹೇಳಿದ್ಲಪ್ಪ, ಲೈಟಿನವನ ಕಿವಿ ಅಂತ ಒಂದು ಜೋಕು,” ಎಂದರು. ಯಾವ ಜೋಕು? ಆಮೇಲೆ ನೆನಪಾಯಿತು. ಆದರೆ ಅವರು ಮುಂದೆ ಹೇಳಿದ್ದು ಬೇರೆ.

“ಆದ್ರೆ ಯೋಚನೆ ಮಾಡಿ. ದಿನಾ ಬೇರೆಯವರ ಮದುವೇಲಿ ನಿಂತು, ಬೇರೆಯವರ ಚಿನ್ನಕ್ಕೆ ಲೈಟ್ ಹಿಡಿಯೋನು. ತನಗೆ ಅಂತ ಏನೂ ಇಲ್ಲ. ಮನಸ್ಸು ಏನಾಗ್ಬೇಡ? ಸರ ಯಾರ ಕೊರಳಲ್ಲಿದೆ, ಮನೆ ಎಲ್ಲಿದೆ, ಎಲ್ಲ ಗೊತ್ತು. ಅವನನ್ನ ಆ ಸ್ಥಿತಿಗೆ ತಂದೋರು ನಾವೇ. ನಾನು ಅವನನ್ನ ದೂರಲ್ಲ.”

“ದೂರಲ್ಲ, ಆದ್ರೆ ಕಳ್ಳ ಅವನೇ ಅಂತೀಯ.”

“ಕಾರಣ ಅಷ್ಟು ಸ್ಪಷ್ಟ ಇದೆಯಲ್ಲಪ್ಪ.”

ಮಾವ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. “ಸರ್ವೀಸೆಲ್ಲ ‘ಯಾಕೋ ಮಾಡ್ದೆ’ ಅಂತ ಕೇಳ್ಕೊಂಡೇ ಕಳೆದೆ ನಾನು. ‘ಮಾಡಿದ್ಯಾ’ ಅಂತ ಕೇಳಿದ್ದು ಕಮ್ಮಿ. ನೀನು ಓದಿದೋನು, ನೀನಾದ್ರೂ ಕೇಳ್ತೀಯ ಅಂದ್ಕೊಂಡಿದ್ದೆ.”

ಅತ್ತೆ ಬಾಗಿಲಲ್ಲಿ ನಿಂತಿದ್ದರು. “ಅಂದ್ರೆ ಸರ ಸಿಗಲ್ವಾ?” ಎಂದರು. ನನ್ನ ಕಡೆ ನೋಡಿ.

ಮೇಷ್ಟ್ರು ಎಷ್ಟು ಓದಿದ್ದಾರೆ! ಅವರು ಹೇಳಿದ ಮೇಲೆ ಎಲ್ಲವೂ ಕೂಡಿಬಂತು. ಅವನು ಅಂದೇ ಗುರಿಯಿಟ್ಟಿದ್ದ. “ನನ್ನ ಕಿವಿ ನೋಡಿ” ಎಂದದ್ದು ಯಾಕೆ? ನಾನು ಆ ಕಡೆ ನೋಡುತ್ತಿರಲಿ, ತಾನು ಸರ ನೋಡುತ್ತಿರಬಹುದು ಎಂದು. ಎಷ್ಟು ಒಳ್ಳೆಯವನಂತೆ ಹೇಳಿದ್ದ!

ಶನಿವಾರ, ಜುಲೈ 20

ಮಾವ ಠಾಣೆಗೆ ಹೋಗಿಬಂದರಂತೆ. ಇನ್ಸ್‌ಪೆಕ್ಟರ್ ಹೇಳಿದ್ದನ್ನು ಮೇಷ್ಟ್ರು ನನಗೆ ಹೇಳಿದರು. ಆ ಮನುಷ್ಯ ಮೊದಲ ದಿನದಿಂದಲೂ ‘ಮೇಡಂ ಮದುವೆಗೆ ಲೈಟ್ ಹಿಡಿದಿದ್ದೆ, ಅವರಿಗೆ ನನ್ನ ಪರಿಚಯ ಇದೆ’ ಎನ್ನುತ್ತಲೇ ಇದ್ದಾನಂತೆ. ಸರವನ್ನು ಮೊದಲೇ ನೋಡಿದ್ದೆ ಎಂದು ಅವನೇ ಒಪ್ಪಿಕೊಂಡ ಹಾಗಾಯಿತಲ್ಲ.

ಮಾವ ಈಗ ಊಟವನ್ನು ಮೊದಲೇ ಮಾಡಿ ಎದ್ದುಬಿಡುತ್ತಾರೆ. ವಯಸ್ಸಾಯಿತು. ಮೇಜಿನಲ್ಲಿ ಜಗಳವಿಲ್ಲ, ಸಾರು ಆರುವುದಿಲ್ಲ.

ಮುಂಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದೆ.

ಸೋಮವಾರ, ಆಗಸ್ಟ್ 12

ಸ್ಟುಡಿಯೊದ ಮಾಲೀಕರು ಬಂದಿದ್ದರು. ಫೋಟೊ ಆಲ್ಬಮ್ ಕೊಡಲೆಂದು ಬಂದದ್ದು ನೆಪ. ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತರು.

“ಅವನು ಅಂಥೋನಲ್ಲ ಮೇಡಂ. ಬ್ಯಾಟರಿ ಕದ್ದಿದ್ದು ನನ್ನ ಅಂಗಡಿದೇ, ಹಿಡಿದುಕೊಟ್ಟಿದ್ದೂ ನಾನೇ. ಬಿಟ್ಟ ಮೇಲೆ ನಾನೇ ಕೆಲಸಕ್ಕಿಟ್ಕೊಂಡೆ. ನಿಮ್ಮ ಬೀದಿಗೆ ಬರ್ತಿದ್ದಿದ್ದು ಆಲ್ಬಮ್‌ಗಳನ್ನ ಕೊಡಕ್ಕೆ.”

“ಆ ದಿನ ಎಲ್ಲಿದ್ದ?”

“ಹಿಂದಿನ ದಿನ ಮದುವೆ ಇತ್ತು. ಸ್ಟುಡಿಯೊ ಒಳಗೆ ಮಲಗಿದ್ದ.”

“ಯಾರಾದ್ರೂ ನೋಡಿದಾರಾ?”

“ನಿದ್ದೆಗೆ ಸಾಕ್ಷಿ ಎಲ್ಲಿಂದ ತರ್ಲಿ ಮೇಡಂ?”

ನನಗೆ ಸಿಟ್ಟು ಬಂತು. ತನ್ನ ಅಂಗಡಿಯಲ್ಲೇ ಕದ್ದವನನ್ನು ಕರೆದು ಮತ್ತೆ ಕೂರಿಸಿಕೊಂಡು, ನಮ್ಮಂಥವರ ಮನೆಯೊಳಗೆ ಕಳಿಸುವುದು! ಹೇಳಲಿಲ್ಲ. ವಿಡಿಯೊದ ಮಾತು ತೆಗೆದೆ.

“ಕನ್ನಡಿ ಮುಂದೆ ಕೂತಿರೋ ಭಾಗ ಬೇಡ. ತೆಗೆದುಬಿಡಿ.”

“ಇಡೀ ವಿಡಿಯೊದಲ್ಲಿ ಚೆನ್ನಾಗಿ ಬಂದಿರೋದು ಅದೇ ಮೇಡಂ. ಲೈಟು ಎಷ್ಟು ಹದವಾಗಿ ಬಿದ್ದಿದೆ.”

“ನನ್ನ ಕೂದಲು ಸರಿಯಾಗಿ ಬಂದಿಲ್ಲ.”

ಅವರು ಆಲ್ಬಮ್ ಮೇಜಿನ ಮೇಲಿಟ್ಟು ಎದ್ದರು. “ಆಗ್ಲಿ,” ಎಂದರು. ಟೀ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಬುಧವಾರ, ನವೆಂಬರ್ 20

ಕೋರ್ಟು. ಮೇಷ್ಟ್ರು ಬಂದಿದ್ದರು, ಮಾವ ಬರಲಿಲ್ಲ.

ಸಾಕ್ಷಿ ಹೇಳುವ ಜಾಗಕ್ಕೆ ಎತ್ತರದ ಕಿಟಕಿಯಿಂದ ಬಿಸಿಲು ನೇರ ಕಣ್ಣಿಗೆ ಬೀಳುತ್ತಿತ್ತು. ಕಣ್ಣು ತುಂಬಿಕೊಂಡಿತು, ನಾನು ಅಳುತ್ತಿದ್ದೇನೆ ಎಂದು ಜಡ್ಜ್ ನೀರು ತರಿಸಿದರು. ಅವನು ಸ್ವಲ್ಪ ಪಕ್ಕಕ್ಕೆ ನಿಂತಿದ್ದ, ತುಂಬ ಇಳಿದುಹೋಗಿದ್ದ. ಅವನ ಕಿವಿಯ ಕಡೆ ನೋಡುತ್ತ ಮಾತಾಡಿದೆ. ಆಗ ಕಣ್ಣು ಉರಿಯಲಿಲ್ಲ. ಧ್ವನಿಯೂ ನಡುಗಲಿಲ್ಲ.

ಅವನ ವಕೀಲರು ಕೇಳಿದರು: “ಈ ಘಟನೆಗೆ ಮೊದಲು ಇವನನ್ನ ಎಲ್ಲಾದ್ರೂ ನೋಡಿದ್ರಾ?”

“ಅವನು ನನ್ನನ್ನ ನೋಡಿದ್ದ.”

“ನಾನು ಕೇಳಿದ್ದು ಅದಲ್ಲಮ್ಮ. ನೀವು ನೋಡಿದ್ರಾ? ನಿಮ್ಮ ಮದುವೇಲಿ?”

“ಮದುವೆ ದಿನ ಮದುಮಗಳು ಲೈಟಿನವರನ್ನ ನೋಡ್ತಾಳಾ ಸಾರ್?”

ಯಾರೋ ನಕ್ಕರು. ಜಡ್ಜ್ ಕೂಡ ತಲೆ ಬಗ್ಗಿಸಿ ಬರೆದುಕೊಂಡರು. ವಕೀಲರು ಮುಂದಿನ ಪ್ರಶ್ನೆಗೆ ಹೋದರು. ಒಂಬತ್ತನೇ ಕ್ಲಾಸಿನ ಕಪ್ ನೆನಪಾಯಿತು.

ದಾರಿಯುದ್ದಕ್ಕೂ ಮೇಷ್ಟ್ರು ಕಿಟಕಿಯಾಚೆಗೇ ನೋಡುತ್ತಿದ್ದರು. ಪುಸ್ತಕದ ಚಿಂತೆಯಿರಬೇಕು. ಈಚೆಗೆ ಗೋಡೆಯ ಕಡೆ ತಿರುಗಿ ಮಲಗುತ್ತಾರೆ, ಸೊಂಟ ನೋವಂತೆ.

ಶುಕ್ರವಾರ, ಜನವರಿ 17

ಶಿಕ್ಷೆಯಾಯಿತು. ಸರ ಎಲ್ಲಿಟ್ಟಿದ್ದಾನೆ, ಬೈಕ್ ಓಡಿಸಿದವನು ಯಾರು ಎಂದು ಮಾತ್ರ ಕೊನೆಯವರೆಗೂ ಬಾಯಿ ಬಿಡಲಿಲ್ಲವಂತೆ. ಹಟಮಾರಿ.

ಎದುರಿನ ಕಟ್ಟಡ ಮುಗಿದಿದೆ. ಕೆಲಸದವರು ಹೋದರು. ಒಳ್ಳೆಯದಾಯಿತು.

ಸೋಮವಾರ, ಮಾರ್ಚ್ 3

ಮದುವೆಯಾಗಿ ವರ್ಷ ತುಂಬಿತು. ಹಾಡು ಸೇರಿಸಿ ಸಿದ್ಧವಾದ ವಿಡಿಯೊ ಸ್ಟುಡಿಯೊದಿಂದ ಬಂದಿತ್ತು, ಯಾರದೋ ಕೈಯಲ್ಲಿ ಕಳಿಸಿದ್ದರು. ಊಟವಾದ ಮೇಲೆ ಎಲ್ಲರೂ ಕುಳಿತು ನೋಡಿದೆವು. ಮೇಷ್ಟ್ರು ಉತ್ತರಪತ್ರಿಕೆ ತಿದ್ದುತ್ತ ಆಗಾಗ ತಲೆಯೆತ್ತಿದರು.

ಚೆನ್ನಾಗಿ ಬಂದಿದೆ. ಎಲ್ಲ ಕಡೆಯೂ ನಾನು ನೇರ ನೋಡುತ್ತಿದ್ದೇನೆ, ಕಣ್ಣು ಮಿಟುಕಿಸದೆ.

ಬಾಗಿಲಲ್ಲಿ ನೆಂಟರು, ಕೇಕ್, ಉಂಗುರ, ಕೈಕುಲುಕಾಟ. ಮುಗಿಯಿತು. ಅತ್ತೆ ಮುಂದಕ್ಕೆ ಬಗ್ಗಿ, ಇನ್ನೂ ಏನೋ ಬರುತ್ತದೆ ಎಂಬಂತೆ ಪರದೆಯನ್ನೇ ನೋಡುತ್ತಿದ್ದರು.

“ನಾನು ನಿನಗೆ ಸರ ಹಾಕಿದ್ದು ಎಲ್ಲಿ? ಅದೊಂದಾದ್ರೂ ನೋಡೋಣ ಅಂತಿದ್ದೆ.”

ಮಾವ ಎದ್ದು ತಮ್ಮ ಕೋಣೆಗೆ ಹೋದರು. ಮೇಷ್ಟ್ರ ಪೆನ್ನು ನಿಂತಿತು.

“ಅದರಲ್ಲಿ ಲೈಟ್ ಸರಿಯಿರ್ಲಿಲ್ಲ ಅತ್ತೆ,” ಎಂದೆ.